ಎರಡೂ ಪಚ್ಚ

ದೊಡ್ಡಬಳ್ಳಾಪುರದ ಇಮಾಮ್ ಸಾಬರು ಮಾಡುತ್ತಿದ್ದ ಬಿಲ್ಲೆಗಳಲ್ಲಿ ಒಂದಾದರೂ ಸಂಜೀವಪ್ಪನ ಬೆರಳಿನಿಂದ ತಪ್ಪಿಸಿಕೊಂಡು ಮಾರಾಟಕ್ಕೆ ಹೋದದ್ದಿಲ್ಲ. ಪಿನ್ನು ಚುಚ್ಚಿ ಎದೆಯ ಮೇಲೆ ತೂಗಿಸಿಕೊಳ್ಳುವ ಬಣ್ಣದ ಬಿಲ್ಲೆಗಳು ಅವು. ಶಾಲೆಯ ಮಕ್ಕಳಿಗೆ, ಸ್ಕೌಟಿನವರಿಗೆ, ಮೋಟಾರು ಕಂಪನಿಯ ಡ್ರೈವರುಗಳಿಗೆ ಅಂತ ಬೇರೆ ಬೇರೆ. ಸಾಬರ ಮನೆಯ ಹಿತ್ತಿಲ ಕೊಟ್ಟಿಗೆಯೇ ಕಾರ್ಖಾನೆ. ತಾಮ್ರದ ತಗಡಿಗೆ ಅಚ್ಚು ಹೊಡೆದು, ಅಚ್ಚಿನ ಹಳ್ಳಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸಿ ಉಜ್ಜಿದರೆ ಬಿಲ್ಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೀನಾ ಕೆಲಸ ಅಂತ ಅದಕ್ಕೆ ಹೆಸರು.

ಸಂಜೀವಪ್ಪ ಬಾಗಿಲ ಬೆಳಕಿಗೆ ಗೋಣಿತಾಟು ಹಾಸಿಕೊಂಡು, ಮುಂದೆ ಮೂರು ಮೊರ ಇಟ್ಟುಕೊಂಡು ಕೂರುತ್ತಿದ್ದ. ಒಂದೊಂದು ಬಿಲ್ಲೆಯ ಮೇಲೂ ಬಾಯಿಂದ ಬಿಸಿಯುಸಿರು ಊದುತ್ತಿದ್ದ. ಉಸಿರಿನ ಮಂಜು ಒಂದೇ ಸಮನೆ ಆರಿದರೆ ಗಾಜು ಗಟ್ಟಿ. ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ಮಂಜು ಗೆರೆಯಾಗಿ ನಿಲ್ಲುತ್ತಿತ್ತು. ಆಮೇಲೆ ಅಂಚಿನ ಮೇಲೆ ಉಗುರು ಎಳೆಯುವುದು, ಕಲ್ಲಿನ ಮೇಲೆ ಮೆಲ್ಲಗೆ ಬೀಳಿಸಿ ಸದ್ದು ಕೇಳುವುದು. ಮೊದಲನೇ ಮೊರಕ್ಕೆ 'ಮೇಲು', ಎರಡನೆಯದಕ್ಕೆ 'ಪರವಾಗಿಲ್ಲ', ಮೂರನೆಯದಕ್ಕೆ 'ಬೇಡ' ಎಂದು ಅವನೇ ಹೆಸರಿಟ್ಟಿದ್ದ. 'ಮೇಲು' ಪೂರಾ ಬೆಲೆಗೆ ಹೋಗುತ್ತಿತ್ತು, 'ಪರವಾಗಿಲ್ಲ' ಸ್ವಲ್ಪ ಅಗ್ಗಕ್ಕೆ, 'ಬೇಡ' ಮತ್ತೆ ಸುತ್ತಿಗೆಯ ಕೆಳಕ್ಕೆ.

ಇಂಥ ಮನುಷ್ಯನಿಗೆ ಹಸಿರು ಯಾವುದು, ಹಳದಿ ಯಾವುದು, ಕೇಸರಿ ಯಾವುದು ಅಂತ ಕಾಣುತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ನಿಜ. ಅವನ ಕಣ್ಣಿಗೆ ಆ ಮೂರೂ ಒಂದೇ ಥರದ ಮಾಸಲು ಬಣ್ಣ.

ಅವನು ನೇಯ್ಗೆಯವರ ಮನೆಯ ಹುಡುಗ, ಮನೆಮಾತು ತೆಲುಗು. ಅಪ್ಪ ಮಗ್ಗಕ್ಕೆ ಕೂರಿಸಿದಾಗಲೆಲ್ಲ ಸೀರೆಯ ಅಂಚಿಗೆ ತಪ್ಪು ಬಣ್ಣದ ನೂಲು ಹಾಕಿಬಿಡುತ್ತಿದ್ದ. ಅಪ್ಪ ಲಾಳಿಯಲ್ಲೇ ಬಾರಿಸಿದರು. ಕಣ್ಣಿನ ದೋಷ ಅಂತ ಒಂದಿರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಪೆಟ್ಟು ತಿಂದವನಿಗೂ ಹೊಳೆಯಲಿಲ್ಲ. ಸೋಮಾರಿ ಎಂದರು, ಮಗ್ಗದಿಂದ ಎಬ್ಬಿಸಿದರು. ಹಾಗೆ ಎದ್ದವನು ಬಂದು ಸೇರಿದ್ದು ಸಾಬರ ಕೊಟ್ಟಿಗೆ. ಅಲ್ಲಿ ಬಣ್ಣವನ್ನು ಕುಲುಮೆಯ ಹತ್ತಿರವೇ ಸಾಬರು ನೋಡಿ ಬಿಡುತ್ತಿದ್ದರು. ಇವನ ಪಾಲಿಗೆ ಬಿರುಕು, ತೂತು, ಬೆಸುಗೆ ಅಷ್ಟೇ.

ಒಂದು ಸಲ ಮಾತ್ರ ಸಿಕ್ಕಿಬೀಳುವುದರಲ್ಲಿದ್ದ. ಒಂದು ಶಾಲೆಯ ಹಳದಿ ಬಿಲ್ಲೆಗಳನ್ನು ಇನ್ನೊಂದು ಶಾಲೆಯ ಹಸಿರು ಬಿಲ್ಲೆಗಳ ಜೊತೆ ಕಟ್ಟಿಬಿಟ್ಟಿದ್ದ. ಸಾಬರು ಕೂಗಾಡಿದಾಗ ಬಾಯಿಗೆ ಬಂದದ್ದನ್ನು ಹೇಳಿದ: "ನಮ್ಮ ತೆಲುಗಲ್ಲಿ ಹಸಿರಿಗೂ ಪಚ್ಚ ಅಂತೀವಿ, ಹಳದಿಗೂ ಪಚ್ಚ ಅಂತೀವಿ ಸಾಬ್ರೇ. ನೀವು ಪಚ್ಚೆ ಬಿಲ್ಲೆ ಕಟ್ಟು ಅಂದ್ರಿ, ತಲೆ ಕೆಟ್ಟೋಯ್ತು."

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿಗೆಲ್ಲ ಹೇಳಿದರು. ಅಂದಿನಿಂದ ಅವನಿಗೆ 'ಎರಡೂ ಪಚ್ಚ' ಎಂದೇ ಅಡ್ಡಹೆಸರು ಬಿತ್ತು. ಅವನು ಅದರ ಮರೆಯಲ್ಲಿ ತಣ್ಣಗೆ ಬದುಕಿಕೊಂಡ.

ನಿಜ ಗೊತ್ತಿದ್ದದ್ದು ಹೆಂಡತಿ ಲಕ್ಷ್ಮೀದೇವಮ್ಮನಿಗೆ ಒಬ್ಬಳಿಗೇ. ಹತ್ತಿರದ ಆವತಿ ಹಳ್ಳಿಯ ಹುಡುಗಿ. ಮದುವೆಯಾದ ಹೊಸದರಲ್ಲಿ ಹಿತ್ತಿಲಿನ ಗಿಡದಿಂದ ಹಣ್ಣು ಮೆಣಸಿನಕಾಯಿ ಕಿತ್ತು ತನ್ನಿ ಅಂದಳು. ಗಂಡ ಬೊಗಸೆ ತುಂಬ ಹಸಿರು ಕಾಯಿ ತಂದ. ನಗುತ್ತ ನಗುತ್ತ ಅವನ ಮುಖ ನೋಡಿದಾಗ ಅವಳಿಗೆ ಅರ್ಥವಾಯಿತು. ತವರಿನಲ್ಲೂ ಅದನ್ನು ಬಾಯಿಬಿಡಲಿಲ್ಲ.

ಬಾವುಟದ ಬಿಲ್ಲೆಗಳ ಕಾಲ ಬಂದಾಗಲೂ ಅವನಿಗೆ ತೊಂದರೆಯಾಗಲಿಲ್ಲ. ಮೇಲೆ ಕೇಸರಿ, ಕೆಳಗೆ ಹಸಿರು, ನಡುವೆ ಬಿಳಿ, ಬಿಳಿಯ ಮೇಲೆ ಚರಕ. ಬೆಸುಗೆಯ ಬೈರಪ್ಪ ಮೇಲಂಚಿಗೆ ಒಂದು ಪುಟ್ಟ ಕೊಂಡಿ ಹಾಕುತ್ತಿದ್ದ. ಆ ಕೊಂಡಿಗೆ ಪಿನ್ನು. ಕೊಂಡಿ ಚರಕದ ತಲೆಯ ಕಡೆ ಇದ್ದರೆ ಸರಿ. ಬಣ್ಣ ನೋಡುವ ಗೊಡವೆಯೇ ಇರಲಿಲ್ಲ.

ನಲವತ್ತೇಳನೇ ಇಸವಿ, ಆಗಸ್ಟಿಗೆ ಮುಂಚೆ, ಊರಿನ ಕಾಂಗ್ರೆಸ್ಸಿನ ಗೋಪಾಲಪ್ಪನವರು ಏದುಸಿರು ಬಿಡುತ್ತ ಕೊಟ್ಟಿಗೆಗೆ ಬಂದರು. "ಸಾಬ್ರೇ, ಬಾವುಟದಲ್ಲಿ ಚರಕ ಹೋಯ್ತು, ಚಕ್ರ ಬಂತು. ಹದಿನೈದನೇ ತಾರೀಕಿಗೆ ಪೆಂಡಾಲಿನ ಬಾಗಿಲಲ್ಲೇ ಬಿಲ್ಲೆ ಮಾರ್ಬೇಕು. ಹೊಸ ಅಚ್ಚು ಮಾಡಿ" ಎಂದರು.

ಸಾಬರು ಅಚ್ಚು ಕೊರೆದರು. ಮೊದಲ ಬಿಲ್ಲೆ ಸಂಜೀವಪ್ಪನ ಕೈಗೆ ಬಂತು. ಊದಿದ, ಉಗುರು ಎಳೆದ, ಎಲ್ಲ ಚೆನ್ನಾಗಿತ್ತು. ಕೊಂಡಿ ಸರಿಯಾದ ಕಡೆ ಇದೆಯೇ ಎಂದು ತಿರುಗಿಸಿದ. ಮತ್ತೆ ತಿರುಗಿಸಿದ. ಚರಕಕ್ಕೆ ತಲೆಯಿತ್ತು, ಕಾಲಿತ್ತು. ಚಕ್ರಕ್ಕೆ ಎರಡೂ ಇಲ್ಲ. ಹೇಗೆ ಹಿಡಿದರೂ ಅದೇ ಚಕ್ರ, ಅದೇ ಬಿಳಿ, ಮೇಲೊಂದು ಕೆಳಗೊಂದು ಅದೇ ಮಾಸಲು ಪಟ್ಟಿ.

ಬೈರಪ್ಪನ ಹತ್ತಿರ ಹೋಗಿ, "ಕೊಂಡಿ ಹಾಕೋವಾಗ ಕೇಸರಿ ಕಡೆ ಹಿಂದ್ಗಡೆ ಒಂದು ಗೀರು ಎಳೆದ್ಬಿಡೋ" ಎಂದು ಕೇಳಬೇಕೆಂದುಕೊಂಡ. ಅರ್ಧ ದಾರಿಯಲ್ಲೇ ವಾಪಸ್ಸಾದ. ಬೈರಪ್ಪ ತಪ್ಪಿದರೆ ಗೀರೂ ತಪ್ಪುತ್ತದೆ. ತಪ್ಪು ಹಿಡಿಯಬೇಕಾದವನು ಇವನು. ಅನುಮಾನ ಬಂದದ್ದನ್ನೆಲ್ಲ 'ಬೇಡ'ದ ಮೊರಕ್ಕೆ ಹಾಕಿ ನೋಡಿದ. ಸಾಬರು ಮೊರ ಎತ್ತಿ ನೋಡಿ ರೇಗಿದರು: "ಚಿನ್ನದಂಥ ಮಾಲು ಯಾಕಯ್ಯ ಎಸೀತೀಯ? ಕಣ್ಣೇನು ಮಂಜಾಯ್ತಾ?"

ಕೊನೆಗೆ ದಾರಿ ತೋರಿಸಿದ್ದು ಲಕ್ಷ್ಮೀದೇವಮ್ಮ. "ಮಧ್ಯಾಹ್ನ ಊಟ ತರ್ತೀನಿ. ಪಕ್ಕದಲ್ಲಿ ಕೂತಿರ್ತೀನಿ. ನೀವು ಒಂದೊಂದೇ ಎತ್ತಿ ಹಿಡೀರಿ. ತಲೆಕೆಳಗಿದ್ರೆ ಕೆಮ್ತೀನಿ."

ಹಾಗೇ ನಡೆಯಿತು. ಅವನು ಊದುವುದು, ಎತ್ತಿ ಹಿಡಿಯುವುದು. ಅವಳು ಸೆರಗು ಬಾಯಿಗಿಟ್ಟುಕೊಂಡು ಒಮ್ಮೊಮ್ಮೆ ಖೊಕ್ ಎನ್ನುವುದು. ಬೈರಪ್ಪ ಅಪರೂಪಕ್ಕೆ ತಪ್ಪುತ್ತಿದ್ದ, ಆದರೆ ತಪ್ಪುತ್ತಿದ್ದ. ಸಾಬರಿಗೆ ಅವಳ ಮೇಲೆ ಕನಿಕರ ಬಂದು, ಒಳಗಿನಿಂದ ಶುಂಠಿರಸಕ್ಕೆ ಜೇನುತುಪ್ಪ ಕಲೆಸಿ ತರಿಸಿಕೊಟ್ಟರು. ಪಾಪ, ಅದನ್ನು ನೆಕ್ಕುತ್ತಲೇ ಅವಳು ಇನ್ನೊಂದಕ್ಕೆ ಕೆಮ್ಮಿದಳು. ಆದರೆ ಊಟದ ಹೊತ್ತು ಎಷ್ಟು ಎಳೆದರೂ ಊಟದ ಹೊತ್ತೇ. ಬೆಳಿಗ್ಗೆ, ಸಂಜೆಯ ಮಾಲನ್ನೆಲ್ಲ ಸಂಜೀವಪ್ಪ ದೇವರ ಮೇಲೆ ಭಾರ ಹಾಕಿ 'ಮೇಲು' ಮೊರಕ್ಕೆ ಹಾಕಿದ. ಹಾಕಿದ್ದೆಲ್ಲ ಗೋಪಾಲಪ್ಪನವರ ಗಾಡಿ ಏರಿತು.

ಹದಿನೈದರ ಬೆಳಿಗ್ಗೆ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ನಗುತ್ತಿದ್ದರು, ಎಲ್ಲರ ಎದೆಯ ಮೇಲೂ ಬಿಲ್ಲೆ. ಸಂಜೀವಪ್ಪನೂ ಒಂದು ತೂಗಿಸಿಕೊಂಡಿದ್ದ, ಹೆಂಡತಿ ಆರಿಸಿ ಕೊಟ್ಟದ್ದು. ಅಷ್ಟು ಜನರ ನಡುವೆ ಅವನೊಬ್ಬನೇ ಕಳ್ಳನ ಹಾಗೆ ಒಂದೊಂದು ಎದೆ ನೋಡುತ್ತ, ನೋಡಿದರೂ ಏನೂ ತಿಳಿಯದೆ, ಹಿಂದೆ ಬರುತ್ತಿದ್ದ ಹೆಂಡತಿಯ ಗಂಟಲಿಗೆ ಕಿವಿಗೊಟ್ಟು ನಡೆಯುತ್ತಿದ್ದ. ಅವಳು ಕೆಮ್ಮಲಿಲ್ಲ. ಬಾವುಟ ಏರಿತು. ಆಗಲೂ ಕೆಮ್ಮಲಿಲ್ಲ. ಅವನ ಉಸಿರು ಸ್ವಲ್ಪ ಹದಕ್ಕೆ ಬಂತು.

ಆಗ ಗೋಪಾಲಪ್ಪನವರು ವೇದಿಕೆಯಿಂದ ಕೂಗಿದರು: "ಈ ಬಿಲ್ಲೆ ಮಾಡಿದೋರು ನಮ್ಮೂರಿನ ಇಮಾಮ್ ಸಾಬ್ರು! ಮೇಲೆ ಬರ್ಬೇಕು, ಹಾರ ಹಾಕ್ತೀವಿ!"

ಸಾಬರು ಕಪ್ಪು ಕೋಟು ತೊಟ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಲಕ್ಷ್ಮೀದೇವಮ್ಮ ಕೆಮ್ಮಿದಳು. ಮತ್ತೊಮ್ಮೆ, ಜೋರಾಗಿ.

ಸಂಜೀವಪ್ಪ ತಿರುಗಿ ನೋಡಿದ, ಅವಳ ಕಣ್ಣು ಸಾಬರ ಎದೆಯ ಮೇಲಿತ್ತು. ಆ ತಿಂಗಳೆಲ್ಲ ಪೇಪರಿನಲ್ಲಿ ಪಂಜಾಬಿನ ಹಿಂದೂ-ಮುಸ್ಲಿಂ ಗಲಭೆಯ ಸುದ್ದಿಯೇ. ದೊಡ್ಡಬಳ್ಳಾಪುರ ತಣ್ಣಗಿತ್ತು ನಿಜ, ಆದರೆ ತಣ್ಣಗಿದ್ದ ಊರಿನಲ್ಲೂ ಸಾಬರು ಎದುರು ಬಂದರೆ ಕೆಲವರು ಮಾತು ನಿಲ್ಲಿಸುತ್ತಿದ್ದರು. ಇಂಥ ದಿನ, ಊರೆಲ್ಲ ನೋಡುವ ವೇದಿಕೆಯ ಮೇಲೆ, ಒಬ್ಬ ಮುಸಲ್ಮಾನನ ಎದೆಯಲ್ಲಿ ಬಾವುಟ ತಲೆಕೆಳಗು! ಬೇಕೆಂದೇ ಹಾಕಿಕೊಂಡ ಎನ್ನಲು ಒಬ್ಬನಿದ್ದರೆ ಸಾಕು. ಸುಮ್ಮನಿದ್ದರೆ ತನ್ನ ಗುಟ್ಟು ಉಳಿಯುತ್ತದೆ, ಸಾಬರ ಗತಿ ಏನಾಗುತ್ತದೋ! ಸಂಜೀವಪ್ಪ ಜನರನ್ನು ತಳ್ಳಿಕೊಂಡು ಓಡಿದ. ಮೆಟ್ಟಿಲ ಬಳಿ ಸಾಬರ ತೋಳು ಹಿಡಿದ.

"ಸಾಬ್ರೇ, ನಿಲ್ಲಿ. ನಿಮ್ಮ ಬಿಲ್ಲೆ ತಲೆಕೆಳಗಾಗಿದೆ."

ಸಾಬರು ಗದ್ದ ತಗ್ಗಿಸಿ ನೋಡಿಕೊಂಡರು. ಮೇಲಿನಿಂದ ಬಗ್ಗಿ ನೋಡುವವನಿಗೆ ತನ್ನ ಎದೆಯ ಮೇಲಿನದು ಉಲ್ಟಾ ಕಾಣುತ್ತದಲ್ಲ, ಆ ತಪ್ಪು ಬಿಲ್ಲೆ ಅವರಿಗೆ ನೆಟ್ಟಗೇ ಕಂಡಿತು.

"ಅರೆ, ಸರಿಯಾಗೇ ಐತಲ್ಲಯ್ಯ! ನೀನು ಮೇಲು ಅಂತ ಹಾಕಿದ ಮೊರದಿಂದ್ಲೇ ತಗೊಂಡಿದ್ದು."

"ಅದಕ್ಕೇ ಹೇಳ್ತಿರೋದು. ನಂಗೆ ಕೇಸರಿ, ಹಸಿರು ಎರಡೂ ಒಂದೇ ಥರ ಕಾಣ್ತದೆ ಸಾಬ್ರೇ. ಹುಟ್ಟಿದಾಗ್ಲಿಂದ."

"ತೆಲುಗಲ್ಲಿ ಹಸಿರು, ಹಳದಿ ಎರಡೂ ಪಚ್ಚ ಅಂತಿದ್ದೆ?"

"ಅದು ಬಾಯಿ ಮಾತು. ನಮ್ಮಪ್ಪನ ಬಾಯಲ್ಲೂ ಎರಡೂ ಪಚ್ಚನೇ, ಆದ್ರೆ ಅವರ ಕಣ್ಣಿಗೆ ಬೇರೆಬೇರೆ ಕಾಣ್ತಿತ್ತು. ನನ್ನ ಕಣ್ಣೇ ಹಿಂಗೆ."

ಸಾಬರು ಬಿಲ್ಲೆ ಬಿಚ್ಚಿ ದೂರ ಹಿಡಿದು ನೋಡಿದರು. ಒಮ್ಮೆ ಜನರ ಕಡೆ ನೋಡಿದರು. ಅವರ ಮುಖದ ನಗು ಪೂರ್ತಿ ಇಳಿದುಹೋಯಿತು. ಸಂಜೀವಪ್ಪ ತನ್ನ ಎದೆಯ ಬಿಲ್ಲೆ ಕಿತ್ತು ಅವರ ಕೋಟಿಗೆ ಚುಚ್ಚಿದ. ಸಾಬರು ಮೆಟ್ಟಿಲು ಹತ್ತಿದರು. ಹಾರ ಬಿತ್ತು, ಜನ ಚಪ್ಪಾಳೆ ತಟ್ಟಿದರು.

ಇಳಿದು ಬರುವಷ್ಟರಲ್ಲಿ ಕೆಮ್ಮಿನ ಗುಟ್ಟೂ ಹೊಳೆದು, ಅವರು ನೇರ ಲಕ್ಷ್ಮೀದೇವಮ್ಮನ ಮುಂದೆ ನಿಂತರು. "ಏನು ತಾಯಿ, ನಿನ್ನ ಕೆಮ್ಮು ಜೇನುತುಪ್ಪಕ್ಕೂ ಬಗ್ಲಿಲ್ವಾ?" ಅವಳು ನಾಚಿ ಸೆರಗು ಎಳೆದುಕೊಂಡಳು. "ನಾಳೆಯಿಂದ ಮೊರದ ಹತ್ರ ನೀನೂ ಕೂತ್ಕೋ. ನಿಂಗೂ ಕೂಲಿ ಕೊಡ್ತೀನಿ. ಕೆಮ್ಮೋದು ಬೇಡ, ಬಾಯಿ ಬಿಟ್ಟು ಹೇಳು."

ಆಮೇಲೆ ಸಂಜೀವಪ್ಪನ ಕಡೆ ತಿರುಗಿದರು. "ಇಷ್ಟು ವರ್ಷ ನನ್ನ ಹತ್ರ ಹೇಳೋಕೆ ಏನಯ್ಯ ಭಯ?"

"ಬೇಡದ ಮೊರಕ್ಕೆ ಹಾಕ್ಬಿಡ್ತೀರ ಅಂತ" ಎಂದ ಸಂಜೀವಪ್ಪ.

ಸಾಬರು ಕೈಯಲ್ಲಿದ್ದ ಹಾರವನ್ನು ಹಾಗೇ ಹಿಡಿದುಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಪರವಾಗಿಲ್ಲ" ಎಂದರು.

ಸಂಜೀವಪ್ಪ ಅಷ್ಟು ಜನರ ನಡುವೆಯೇ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.