ಹನ್ನೆರಡನೆಯ ಸಲದ ಕಳಸಗಿತ್ತಿ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಯಾರ ಮನೆಯ ಹುಡುಗಿಗೆ ಮದುವೆ ಗೊತ್ತಾದರೂ ಮೊದಲು ತಿಳಿಯುವುದು ಗಂಗೋತ್ರಿಗೆ. ಲಗ್ನಪತ್ರಿಕೆ ಬಂದು ತಿಳಿಯುವುದಲ್ಲ, ಸೀರೆ ಬಂದು ತಿಳಿಯುವುದು. ಬ್ರೂಸ್‌ಪೇಟೆಯ ಅಂಗಡಿಯಿಂದ ಹೊರಟ ಮದುವೆ ಸೀರೆ ಹುಡುಗಿಯ ಮನೆಗೂ ಹೋಗದೆ ಸೀದಾ ಇವಳ ಮನೆಗೆ ಬರುತ್ತದೆ. ಇವಳು ಸೆರಗಿಗೆ ಕುಚ್ಚು ಕಟ್ಟಿ, ಮಡಿಸಿ ಕಳಿಸುತ್ತಾಳೆ. ಹದಿನೈದು ವರ್ಷದಲ್ಲಿ ಅವಳ ಬೆರಳ ಸಂದಿಯಿಂದ ಎಷ್ಟು ಮದುಮಕ್ಕಳ ಸೆರಗು ಹಾದುಹೋದವೋ, ಅದನ್ನು ಯಾರೂ ಎಣಿಸಲಿಲ್ಲ. ಓಣಿಯವರು ಎಣಿಸಿದ್ದು ಬೇರೆ: ಗಂಗೋತ್ರಿಯನ್ನು ನೋಡಲು ಬಂದು ಹೋದ ಗಂಡುಗಳು ಹತ್ತೊಂಬತ್ತು.

ಇಪ್ಪತ್ತೈದರಲ್ಲಿ ಬಂದವರಿಗೆ ಹುಡುಗಿಯ ಬಣ್ಣ ಸಾಲಲಿಲ್ಲ. ಮೂವತ್ತರಲ್ಲಿ ಬಂದವರಿಗೆ ಆ ಮನೆಯಲ್ಲಿ ಗಂಡುದಿಕ್ಕಿಲ್ಲ ಎಂಬುದು ಕಣ್ಣಿಗೆ ಬಿತ್ತು. ಆಮೇಲೆ ಬಂದವರಿಗೆ ವಯಸ್ಸು ಕೇಳಿದ್ದೇ ಸಾಕಾಯಿತು. ಅವಲಕ್ಕಿ ತಿಂದು, ಚಹಾ ಕುಡಿದು, ‘ಫೋನ್ ಮಾಡ್ತೀವ್ರಿ’ ಎಂದು ಎದ್ದರು. ಈಗ ಅವಳಿಗೆ ಮೂವತ್ತಾರು. ಮನೆಯಲ್ಲಿ ಅವಳು, ಅವಳ ತಾಯಿ ಕೊಟ್ರಬಸಮ್ಮ, ಇಬ್ಬರೇ.

ಸಿರುಗುಪ್ಪದ ಅಕ್ಕಿ ಗಿರಣಿಯವರ ಮಗಳು ಸೌಂದರ್ಯ, ಕಾಲೇಜಿನಲ್ಲಿ ಗಂಗೋತ್ರಿಯ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಮೈಸೂರಿನಲ್ಲಿ ಬ್ಯಾಂಕಿನ ನೌಕರಿ. ಒಂದು ದಿನ ಆಕೆಯ ಫೋನು ಬಂತು.

“ಲೇ ಗಂಗೀ, ನನ್ನ ಮದುವಿ. ಗೋಕರ್ಣದಾಗ, ಸಮುದ್ರದ ದಂಡಿಮ್ಯಾಲೆ. ನೀನ ನನ್ನ ಬ್ರೈಡ್ಸ್‌ಮೇಡ್.”

ಗಂಗೋತ್ರಿ ಫೋನು ಕೈಯಲ್ಲಿ ಹಿಡಿದೇ ತಾಯಿಗೆ ಹೇಳಿದಳು. ಕೊಟ್ರಬಸಮ್ಮ ಕಣ್ಣು ಕಿರಿದು ಮಾಡಿದಳು. “ಅದೇನ್ ಮೇಡಲೇ? ಏನ್ ಮಾಡಬೇಕಂತ?”

“ಕಳಸಗಿತ್ತಿ ಅಂತ ತಿಳ್ಕೋ ಯವ್ವಾ. ಮದುಮಗಳ ಬಾಜೂ ನಿಂದ್ರೋದು.”

ತುಂಬಿದ ಕಳಸ ಹಿಡಿದು ಮದುಮಗಳ ಮಗ್ಗುಲಿಗೆ ನಿಲ್ಲುವುದು ಎಳೆಯ ಹುಡುಗಿಯರ ಕೆಲಸ. ತಂಗಿಯೋ, ಸೋದರತ್ತೆಯ ಮಗಳೋ ಹೊಸ ಲಂಗ ಉಟ್ಟು ನಿಲ್ಲಬೇಕಾದ ಜಾಗ. ಗಂಗೋತ್ರಿ ಅಲ್ಲಿ ಆಗಲೇ ಹನ್ನೊಂದು ಸಲ ನಿಂತಿದ್ದಳು. ಪಕ್ಕದ ಮನೆಯ ತುಳಸಮ್ಮ ಕಾಂಪೌಂಡಿನ ಮೇಲಿಂದಲೇ ಅಂದಳು, “ಹನ್ನೆರಡನೇ ಸಲ ಏನವ್ವಾ? ಹೋಗಲಿ ಬಿಡು, ಕಳಸಾನಾದ್ರೂ ನಿನ್ನ ಕೈ ಹಿಡಿದೈತಲ್ಲ.”

ಹೋಗುವುದೇ ಬೇಡ ಎಂದುಕೊಂಡಿದ್ದ ಗಂಗೋತ್ರಿಯನ್ನು ಹೊರಡಿಸಿದ್ದು ಸೌಂದರ್ಯ ಕೊನೆಯಲ್ಲಿ ಹೇಳಿದ ಮಾತು. “ಇನ್ನೊಂದು ಐತಿ, ಕೇಳು. ನನ್ನ ಮದುವಿ ಆಗೋ ಹುಡುಗನ ಚಿಕ್ಕಮ್ಮನ ಮಗ, ಶಿವಪ್ರಸಾದ್ ಅಂತ. ಕಾಲೇಜಿನಾಗ ಮೇಷ್ಟ್ರು. ನಲವತ್ತಾತು, ಇನ್ನಾ ಮದುವಿ ಇಲ್ಲ. ನಾನು ಅವರವ್ವನ ಕಿವಿಗೆ ಹಾಕ್ತೀನಿ. ನೀ ಸುಮ್ಮನ ಬಾ.”

ಗಂಗೋತ್ರಿ ತಾಯಿಗೆ ಇದನ್ನು ಹೇಳಬಾರದಿತ್ತು. ಆದರೆ ಇಬ್ಬರೇ ಇರುವ ಮನೆಯಲ್ಲಿ ಮಾತು ಬಚ್ಚಿಡಲು ಜಾಗ ಎಲ್ಲಿದೆ? ಹೇಳಿದಳು. ಕೊಟ್ರಬಸಮ್ಮ ಅವತ್ತೇ ಹೋಗಿ ಹಸಿರು ರೇಷ್ಮೆ ಕುಪ್ಪಸದ ಅರಿವೆ ತಂದಳು.

ಸಮುದ್ರದ ದಂಡೆಯ ಮದುವೆ ಫೋಟೋದಲ್ಲಿ ಚಂದ. ನಿಂತು ನೋಡಿದವರಿಗೆ ಗೊತ್ತು ಅದರ ಪಾಡು. ಗಾಳಿಗೆ ಮಂಟಪದ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಅಯ್ಯನವರು ಮೂರು ಸಲ ದೀಪ ಹಚ್ಚಿ ನಾಲ್ಕನೆಯ ಸಲ ಕೈಬಿಟ್ಟರು. ಎರಚಿದ ಅಕ್ಕಿಕಾಳು ಮದುಮಕ್ಕಳ ತಲೆಗೆ ಬೀಳದೆ ವಿಡಿಯೋದವನ ಮುಖಕ್ಕೆ ಹೋಗಿ ಬಡಿದವು. “ಸಿರುಗುಪ್ಪದ ಅಕ್ಕಿ ರೀ, ಸುಮ್ಮನ ಬಿಡಂಗಿಲ್ಲ,” ಎಂದು ಸೌಂದರ್ಯಳ ಅಪ್ಪ ನಗೆ ಮಾಡಿದ. ಗಂಗೋತ್ರಿ ಬರಿಗಾಲಿನಲ್ಲಿ ಕಾದ ಮರಳ ಮೇಲೆ ಕಳಸ ಹಿಡಿದು ನಿಂತಿದ್ದಳು. ಕಾಲು ಬದಲಿಸುವಂತಿಲ್ಲ, ಕಾಯಿ ಅಲುಗುವಂತಿಲ್ಲ.

ಆಗ ಯಾರೋ ನೆನೆಸಿದ ಗೋಣಿಚೀಲ ತಂದು ಅವಳ ಪಾದದ ಬಳಿ ಹಾಸಿದರು. “ಇದರ ಮೇಲೆ ನಿಂತ್ಕೊಳ್ಳಿ, ಸುಡ್ತಾ ಇರುತ್ತೆ,” ಎಂದ ದನಿ ಮೈಸೂರಿನದು. ತಲೆ ಎತ್ತಿದರೆ ಕನ್ನಡಕದ ಗಂಡಸು, ಹಣೆಯ ಮೇಲೆ ಕೂದಲು ಹಿಂದೆ ಸರಿದಿದೆ, ಪ್ಯಾಂಟು ಮೊಳಕಾಲವರೆಗೆ ಮಡಿಸಿದೆ. ಶಿವಪ್ರಸಾದ್. ಗಂಗೋತ್ರಿ ‘ಹೂಂ’ ಎಂದಳಷ್ಟೆ. ಉಳಿದ ಹೊತ್ತೆಲ್ಲ ಒದ್ದೆ ಗೋಣಿಚೀಲದ ತಂಪು ಅವಳ ಎದೆಯತನಕ ಏರುತ್ತಿತ್ತು.

ಊಟದಲ್ಲಿ ಅವನ ತಾಯಿ ಸರ್ವಮಂಗಳಮ್ಮ, ಶಾಲೆಯ ಟೀಚರಾಗಿ ನಿವೃತ್ತಿಯಾದವರು, ಗಂಗೋತ್ರಿಯನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ಊರು ಯಾವುದು, ಏನು ಕೆಲಸ, ತಾಯಿ ಹೇಗಿದ್ದಾರೆ, ಒಂದೊಂದೇ ಕೇಳಿದರು. ಹತ್ತೊಂಬತ್ತು ಸಲ ಇವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳಿಗೆ ಇಪ್ಪತ್ತನೆಯದು ಗೊತ್ತಾಗದೆ ಇರುತ್ತದೆಯೇ?

ಗೋಕರ್ಣದಿಂದ ಎಲ್ಲರೂ ಬೀಗರ ಊಟಕ್ಕೆ ಸಿರುಗುಪ್ಪಕ್ಕೆ ಬಂದರು. ಊಟ ಮುಗಿದ ಮಾರನೆಯ ದಿನ ಮದುಮಕ್ಕಳು ಅಂಡಮಾನಿಗೆ ಹೊರಟರು. ಕಾರು ಹತ್ತುವ ಮುಂಚೆ ಸೌಂದರ್ಯ ಗೆಳತಿಯ ಕೈ ಹಿಡಿದಳು. “ಚಿಕ್ಕಮ್ಮ ಮತ್ತ ಪ್ರಸಾದ್ ಎರಡು ದಿನ ಇರ್ತಾರ. ನಮ್ಮ ಕಡಿ ಊರು ನೋಡಬೇಕಂತ. ನೀ ತೋರ್ಸಲೇ, ನಿನ್ನಂಗ ಕಥಿ ಹೇಳೋರು ಯಾರದಾರ?”

“ನೀ ಮಾತಾಡಿದೇನು ಅವರ ಹತ್ರ?”

“ಮಾತಾಡ್ತೀನಿ ಬಿಡ, ಮೊದಲ ಅವರು ನಿನ್ನ ನೋಡ್ಲಿ.”

ಬಳ್ಳಾರಿ ಸೀಮೆಯಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣು ನೋಡಲು ಬಂದೆವೆಂದು ಬಾಯಿಬಿಟ್ಟು ಹೇಳುವುದು ಕಡಿಮೆ. ದಾರಿಯಲ್ಲಿ ಯಾರಾದರೂ ಕೇಳಿದರೆ ‘ಸುಮ್ಮನ ಊರು ನೋಡಾಕ ಬಂದಿದ್ವಿ’ ಅನ್ನುತ್ತಾರೆ. ಒಪ್ಪಿಗೆಯಾಗದಿದ್ದರೆ ಹುಡುಗಿಯ ಹೆಸರು ಬೀದಿಗೆ ಬೀಳಬಾರದಲ್ಲ. ಗಂಗೋತ್ರಿ ಫೋನಿನಲ್ಲಿ ವಿಷಯ ತಿಳಿಸಿದಾಗ ಕೊಟ್ರಬಸಮ್ಮ, “ಊರು ನೋಡಾಕ ಅಂತ ಅವರ ಅಂದ್ರೇನು?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಕುರುಗೋಡಿನ ತನ್ನ ಅಣ್ಣ ಮರಿಬಸಪ್ಪನಿಗೂ ಹೇಳಿದಳು.

ಗಿರಣಿಯ ಡ್ರೈವರ್ ಎರ್ರಣ್ಣನ ಕಾರಿನಲ್ಲಿ ತಿರುಗಾಟ. ಮೊದಲ ದಿನ ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯ ಬಂಡೆಗಳ ಮೇಲೆ ಕೂತರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. ಶಿವಪ್ರಸಾದ್ ಒಂದು ಮಿರ್ಚಿ ಕಚ್ಚಿ ಕಣ್ಣೀರು ಹಾಕಿದ.

“ಏನ್ ಸಾರ್, ಒಂದಕ್ಕ ಅಳಾಕ ಹತ್ತಿರಿ?” ಎಂದ ಎರ್ರಣ್ಣ. “ನಮ್ಮ ಕಡಿ ಅಳಿಯ ಆಗಬೇಕಂದ್ರ ಹನ್ನೆರಡು ತಿನ್ನಬೇಕ್ರಿ.”

ಎಲ್ಲರೂ ನಕ್ಕರು. ಶಿವಪ್ರಸಾದ್ ಕೆಮ್ಮುತ್ತಲೇ ನಕ್ಕ. ಗಂಗೋತ್ರಿ ನೀರಿನ ಬಾಟಲಿ ಕೊಟ್ಟಳು. ಅವನು ಏನಾದರೂ ಮಾತು ತಿರುಗಿಸಿ ಹೇಳುತ್ತಾನೇನೋ ಎಂದು ಕಾದಳು. ಅವನು ನೀರು ಕುಡಿದು, ಹೊಳೆಯ ಫೋಟೋ ತೆಗೆದು, ಫೋನಿನಲ್ಲಿ ಯಾರಿಗೋ ಕಳಿಸಿದ.

ಎರಡನೆಯ ದಿನ ಕುರುಗೋಡು. ಗುಡಿಯ ಒಳಗೆಲ್ಲ ತಾನೇ ತುಂಬಿಕೊಂಡು ಕೂತ ದೊಡ್ಡಬಸವಣ್ಣನನ್ನು ಕಂಡು ಸರ್ವಮಂಗಳಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಗಂಗೋತ್ರಿ ತನ್ನ ಅಜ್ಜಿ ಹೇಳುತ್ತಿದ್ದ ಕಥೆ ಹೇಳಿದಳು: ಬಸವಣ್ಣ ಮೊದಲು ಕರುವಿನಷ್ಟೇ ಇದ್ದನಂತೆ, ಊರವರು ತಂತಮ್ಮ ದುಃಖವನ್ನೆಲ್ಲ ತಂದು ಅವನ ಕಿವಿಯಲ್ಲಿ ಹೇಳಿ ಹೇಳಿ, ಅದು ಹೊರಗೆ ಹೋಗಲು ದಾರಿಯಿಲ್ಲದೆ ಅವನು ಹೀಗೆ ಉಬ್ಬಿದನಂತೆ.

“ಎಷ್ಟು ಚೆನ್ನಾಗಿ ಹೇಳ್ತೀಯಮ್ಮ!” ಎಂದು ಸರ್ವಮಂಗಳಮ್ಮ ಅವಳ ಗಲ್ಲ ಮುಟ್ಟಿದರು.

ಹೊರಗೆ ಜಗುಲಿಯ ಮೇಲೆ ಒಬ್ಬ ಮುದುಕಿ ತವರಿಗೆ ಬಂದಿದ್ದ ಮಗಳ ಸೆರಗೊಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು, ಕುಪ್ಪಸದ ಅರಿವೆ ಇಡುತ್ತಿದ್ದಳು. ಸರ್ವಮಂಗಳಮ್ಮ ನಿಂತು ನೋಡಿದರು. “ಮದುವೆಯಲ್ಲೂ ನೋಡಿದೆ. ಇದನ್ನ ಉಡಿ ತುಂಬೋದು ಅಂತೀರಲ್ವಾ? ಯಾರಿಗೆ ಮಾಡ್ತೀರಮ್ಮ ಇದನ್ನ?”

ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಬೇಕೆಂದರೆ ಎರಡು ಮಾತು ಹೇಳಬೇಕು. ಮುತ್ತೈದೆಗೆ ತುಂಬಿದರೆ ಅದು ಮರ್ಯಾದೆ. ಮದುವೆಯಾಗದ ಹುಡುಗಿಗೆ, ಅವಳ ಮನೆಯಲ್ಲೇ, ಗಂಡಿನ ತಾಯಿ ಸೀರೆಯಿಟ್ಟು ಉಡಿ ತುಂಬಿದಳೆಂದರೆ ಅದು ಒಪ್ಪಿಗೆ. ಅಲ್ಲಿಂದ ಮುಂದೆ ಬರೀ ಮುಹೂರ್ತ. ಎದುರಿಗೇ ಶಿವಪ್ರಸಾದ್ ನಿಂತಿದ್ದಾನೆ. ಎರಡನೆಯ ಮಾತನ್ನು ಗಂಗೋತ್ರಿ ಯಾವ ಬಾಯಿಂದ ಹೇಳಿಯಾಳು? ಅವಳೇ ಕೇಳಿದಂತಾಗುತ್ತದೆ. ತಲೆ ತಗ್ಗಿಸಿ, “ಮನಸಿಗೆ ಹತ್ತಿರ ಆದೋರಿಗೆ ತುಂಬ್ತೀವ್ರಿ,” ಎಂದಳು.

ಸಂಜೆ ಬಳ್ಳಾರಿಗೆ ಬಂದು, ಕೋಟೆಯ ಬೆಟ್ಟ ಅರ್ಧ ಹತ್ತಿ ಮಂಡಿ ನೋವೆಂದು ಇಳಿದು, ಸರ್ವಮಂಗಳಮ್ಮ ಬ್ರೂಸ್‌ಪೇಟೆಯಲ್ಲಿ ಕಾರು ನಿಲ್ಲಿಸಿದರು. ಮಗನನ್ನೂ ಗಂಗೋತ್ರಿಯನ್ನೂ ಕಾರಿನಲ್ಲೇ ಬಿಟ್ಟು ಎರ್ರಣ್ಣನನ್ನು ಕರೆದುಕೊಂಡು ಅಂಗಡಿಗೆ ಹೋಗಿ ಬಂದರು. “ನಿಮ್ಮ ಮನೆಗೆ ಹೋಗೋಣ ನಡಿಯಮ್ಮ, ಅಮ್ಮನ್ನ ನೋಡಿ ಹಂಗೇ ರೈಲಿಗೆ ಹೋಗ್ತೀವಿ.”

ಕೊಟ್ರಬಸಮ್ಮ ಬೆಳಗಿನಿಂದ ಕಾದು ಕೂತಿದ್ದಳು. ಚಹಾ ಆಯಿತು, ಮಾತಾಯಿತು. ಆಮೇಲೆ ಸರ್ವಮಂಗಳಮ್ಮ ಗಂಗೋತ್ರಿಯನ್ನು ಚಾಪೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, “ಸೆರಗು ಹಿಡಿಯಮ್ಮ” ಅಂದರು. ಕಂದು ಅಂಚಿನ ಹಳದಿ ಸೀರೆ ಬಿತ್ತು. ಅಕ್ಕಿ ಬಿತ್ತು. ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ, ಎರ್ರಣ್ಣ ಅಂಗಡಿಯಲ್ಲಿ ನಿಂತು ಹೇಳಿಕೊಟ್ಟಿದ್ದರಿಂದ ಒಂದೂ ತಪ್ಪಲಿಲ್ಲ. ಸೆರಗಿನ ಅಂಚಿನಿಂದ ನಾಲ್ಕು ಕಾಳು ಚಾಪೆಗೆ ಉದುರಿದವು. ಕೊಟ್ರಬಸಮ್ಮ ಬಗ್ಗಿ ಅವನ್ನು ಆರಿಸಿ ಮತ್ತೆ ಉಡಿಗೆ ಹಾಕಿದಳು. ಬಾಗಿಲಲ್ಲಿ ಇಣುಕಿದ್ದ ತುಳಸಮ್ಮ ಅಷ್ಟರಲ್ಲೇ ಸುದ್ದಿ ಹೊತ್ತು ಓಣಿಯ ಆ ತುದಿ ಮುಟ್ಟಿ ಬಂದಳು.

ಅವರು ರೈಲಿಗೆ ಹೋದರು. ಕೊಟ್ರಬಸಮ್ಮ ಸಕ್ಕರೆ ಡಬ್ಬಿ ತೆಗೆದು ಬಂದವರ ಬಾಯಿಗೆಲ್ಲ ಹಾಕಿದಳು. “ಮೈಸೂರಿನವರು ನೋಡ್ರಿ, ಭಾಳ ಮಾತಾಡಂಗಿಲ್ಲ. ಬಂದ್ರು, ತುಂಬಿದ್ರು, ಮುಗೀತು.” ಮದುವೆ ಗೊತ್ತು ಮಾಡಿಸುವ ಉಚ್ಚೆಂಗೆಪ್ಪ ಸೋಮವಾರ ಎಂದಿನಂತೆ ಫೋಟೋಗಳ ಚೀಲ ಹಿಡಿದು ಬಂದಾಗ, “ಇನ್ನ ಬ್ಯಾಡಪಾ, ನಮ್ದು ಆತು,” ಎಂದು ಅವನ ಕೈಗೂ ಸಕ್ಕರೆ ಹಾಕಿ ಕಳಿಸಿದಳು.

ಐದನೆಯ ದಿನ ಅಂಡಮಾನಿನಿಂದ ಸೌಂದರ್ಯಳ ಫೋನು ಬಂತು. ಗಂಗೋತ್ರಿ ನಡುಮನೆಯ ಬಾಗಿಲು ಮುಂದೆ ಮಾಡಿಕೊಂಡಳು.

“ಚಿಕ್ಕಮ್ಮ ನಿನ್ನ ಭಾಳ ಹೊಗಳಿದ್ರಲೇ. ಮಗಳಿದ್ದಂಗ ತಿರುಗಾಡಿಸಿದ್ಲು, ಅದಕ್ಕ ನಿಮ್ಮ ಪದ್ಧತಿ ಪ್ರಕಾರ ಥ್ಯಾಂಕ್ಸ್ ಹೇಳಿ ಬಂದೆ ಅಂದ್ರು.”

“ಮತ್ತ… ಪ್ರಸಾದ್ ಅವರದು?”

“ಅಯ್ಯೋ ಗಂಗೀ. ನಾ ಬಾಯಿ ಬಿಡೋ ಪ್ರಮೇಯಾನ ಬರಲಿಲ್ಲಲೇ. ಅವನಿಗೆ ಅವನ ಕಾಲೇಜಿನಾಕಿ ಜೋಡಿ ಎರಡು ತಿಂಗಳ ಹಿಂದನ ಮದುವಿ ಗೊತ್ತಾಗೇತಂತ. ನನಗ ಇಲ್ಲಿ ಬಂದ ಮ್ಯಾಲೆ ತಿಳೀತು. ನಿನಗ ಹೇಳಬೇಕಂತ ಅನ್ಕೊಂಡೆ, ತಿರುಗಾಟದ ಗದ್ದಲದಾಗ… ನೀ ಏನೂ ಮನಸಿನಾಗ ಇಟ್ಕೊಂಡಿರಲಿಲ್ಲಲ್ಲ?”

“ಇಲ್ಲ ಬಿಡ,” ಎಂದಳು ಗಂಗೋತ್ರಿ.

ಸರ್ವಮಂಗಳಮ್ಮನವರಿಗೆ ಫೋನು ಮಾಡಿ ನೀವು ಮಾಡಿದ್ದಕ್ಕೆ ನಮ್ಮಲ್ಲಿ ಇಂಥ ಅರ್ಥ ಎಂದು ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಒಳ್ಳೆಯ ಹೆಂಗಸು, ಕೊರಗುತ್ತಿದ್ದರು. ಓಣಿಯವರು ನುಂಗಿದ ಸಕ್ಕರೆಯಂತೂ ಹೊರಗೆ ಬರುತ್ತಿರಲಿಲ್ಲ. ಗಂಗೋತ್ರಿ ಹೇಳಲಿಲ್ಲ.

ತಾಯಿಗೆ ಹೇಳಿದಳು. ಕೊಟ್ರಬಸಮ್ಮ ಮೊದಲು ನಂಬಲಿಲ್ಲ. “ತುಂಬಿದ ಉಡಿಗೆ ಇಲ್ಲ ಅನ್ನಾಕ ಬರ್ತೈತೇನಲೇ? ಯಾರರ ಥ್ಯಾಂಕ್ಸಿಗೆ ಉಡಿ ತುಂಬ್ತಾರೇನು? ನೀನೇನ್ ಹೇಳಿದ್ದಿ ಆಕಿಗೆ?”

ಗಂಗೋತ್ರಿ ಕುರುಗೋಡಿನ ಜಗುಲಿಯಲ್ಲಿ ತಾನು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಒಪ್ಪಿಕೊಂಡಳು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಇಬ್ಬರಿಗೂ ಗೊತ್ತಿತ್ತು. ನೋಡಿ ಬಿಟ್ಟ ಹೆಣ್ಣಿಗೆ ಇನ್ನೊಬ್ಬ ನೋಡುವವನು ಬಂದಾನು. ಹತ್ತೊಂಬತ್ತು ಸಲ ಬಂದಿದ್ದರು. ಉಡಿ ತುಂಬಿ ಬಿಟ್ಟ ಹೆಣ್ಣೆಂದರೆ ಒಳಗೆ ಏನೋ ಇದೆ ಅಂತಲೇ ಲೆಕ್ಕ. ಉಚ್ಚೆಂಗೆಪ್ಪನ ಕಿವಿಗೆ ಎರಡು ವಾರದಲ್ಲಿ ಸುದ್ದಿ ಮುಟ್ಟಿತು. ಆಮೇಲಿನ ಸೋಮವಾರ ಅವನು ಅದೇ ಓಣಿಯಲ್ಲಿ ಹೋದ, ಎದುರು ಮನೆಗೆ ಹೋಗಿ ಚಹಾ ಕುಡಿದ, ಇವರ ಬಾಗಿಲ ಕಡೆ ನೋಡದೆ ಚೀಲವನ್ನು ಆಚೆ ಹೆಗಲಿಗೆ ಹಾಕಿಕೊಂಡು ದಾಟಿದ. ಮರಿಬಸಪ್ಪ ಕುರುಗೋಡಿನಿಂದ ಫೋನು ಮಾಡಿ, ಗಂಗೋತ್ರಿಗಾಗಿ ತಾನು ಕೇಳಿಟ್ಟಿದ್ದ ಎರಡು ಮನೆಯವರೂ ಈಗ ಮಾತು ಬದಲಿಸಿದರೆಂದು ತಂಗಿಗೆ ತಿಳಿಸಿದ.

ತುಳಸಮ್ಮ ಮಾತ್ರ ಬಂದಳು. ಕಟ್ಟೆಯ ಮೇಲೆ ಕೂತು, ಸೊಪ್ಪು ಸೋಸುತ್ತಿದ್ದ ಕೊಟ್ರಬಸಮ್ಮನಿಗೆ ತಾನೂ ಒಂದು ಹಿಡಿ ಸೋಸಿಕೊಡುತ್ತ ಕೇಳಿದಳು, “ಏನ್ ಆತವ್ವಾ ಅದು? ಅವರ ಬ್ಯಾಡಂದ್ರೋ, ನೀವೋ?”

“ನಾವ ಬ್ಯಾಡ ಅಂದ್ವಿ,” ಎಂದಳು ಕೊಟ್ರಬಸಮ್ಮ. “ದೂರ ಆಗ್ತೈತಿ. ಒಬ್ಬಾಕಿ ಮಗಳು, ಅಷ್ಟು ದೂರ ಹೆಂಗ ಕೊಡಾಕಾಗ್ತೈತಿ?”

“ಅದೂ ಖರೆ ಅನ್ನು,” ಎಂದಳು ತುಳಸಮ್ಮ, ನಂಬದವಳ ದನಿಯಲ್ಲಿ, ಆದರೆ ಆಡಿ ತೋರಿಸದೆ. ಅಷ್ಟರಮಟ್ಟಿಗೆ ಅವಳು ನೆರೆಯವಳೇ.

ಒಳಗೆ ಗಂಗೋತ್ರಿಗೆ ಎಲ್ಲವೂ ಕೇಳಿಸುತ್ತಿತ್ತು. ತುಳಸಮ್ಮ ಎದ್ದು ಹೋದಮೇಲೆ ಹೊರಗೆ ಬಂದು ತಾಯಿಯ ಎದುರು ಕೂತಳು.

“ಯಾಕ ಸುಳ್ಳ ಹೇಳಿದಿ ಯವ್ವಾ?”

“ಮತ್ತೇನ್ ಹೇಳ್ಲಿ?”

ಗಂಗೋತ್ರಿ ಉಳಿದ ಸೊಪ್ಪನ್ನು ಎಳೆದುಕೊಂಡು ಸೋಸತೊಡಗಿದಳು. ಕೊಟ್ರಬಸಮ್ಮ, “ಇನ್ನ ಯಾರೂ ಬರಂಗಿಲ್ಲ ಗಂಗೀ,” ಎಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂದಿತ್ತು. ಮಗಳು ‘ಹೂಂ’ ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ತೊಳೆಯಲು ಹಿತ್ತಲಿಗೆ ಹೋದಳು.