ಹೊಲಿಗೆ ಹಾಕಿದ ಹೋತ

ಮಟನ್ ಮಾಮಾನ ಎಡ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ದಿನಾ ಬೆಳಿಗ್ಗೆ ಕತ್ತಿ ಮಸೆದಾದ ಮೇಲೆ ಅದನ್ನು ಮುಂಗೈ ಮೇಲೆ ಎಳೆದು ನೋಡುತ್ತಿದ್ದರು. ಕೂದಲು ಬೋಳಿಸಿಕೊಂಡು ಬಂದರೆ ಕೆಲಸಕ್ಕೆ, ಇಲ್ಲದಿದ್ದರೆ ಮತ್ತೆ ಕಲ್ಲಿಗೆ. "ಮೊಂಡ ಕತ್ತಿ ಹಿಡದಾಂವ ಕಸಾಯಿ ಅಲ್ಲ, ವೈರಿ" ಎನ್ನುತ್ತಿದ್ದರು.

ರಾಯಬಾಗದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವರ ಅಂಗಡಿ, ರಸ್ತೆಯ ಕಡೆಗೆ ನನ್ನ ಖಾನಾವಳಿ. ಹನ್ನೆರಡು ವರ್ಷ ನನ್ನ ಒಲೆ ಏರಿದ ಮಟನ್ ಎಲ್ಲ ಅವರು ಕಡಿದದ್ದೇ. ಹೋತವನ್ನು ಸುಲಿದು ನೇತುಹಾಕುವಾಗ ಬಾಲವನ್ನೂ ಬೀಜವನ್ನೂ ಹಾಗೆಯೇ ಬಿಡುವುದು ನಮ್ಮ ಕಡೆಯ ರಿವಾಜು. ಇದು ಮುದಿ ಕುರಿಯಲ್ಲ, ಹೋತವೇ ಎಂದು ಗಿರಾಕಿ ಖಾತ್ರಿ ಮಾಡಿಕೊಳ್ಳಬೇಕಲ್ಲ. ನಾಚುವ ಗಿರಾಕಿ ಬಂದರೆ ಮಾಮಾಗೆ ಮಜಾ. "ಮುಟ್ಟಿ ನೋಡ್ರಿ ಮಾಸ್ತರ, ಕಚ್ಚಂಗಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅವರು ದಿನಕ್ಕೆ ಕಡಿಯುತ್ತಿದ್ದುದು ಎರಡೇ ಹೋತ. ಮೂರನೆಯದನ್ನು ಕಡಿದರೆ ಸಂಜೆಗೆ ಉಳಿಯುತ್ತದೆ, ಉಳಿದದ್ದನ್ನು ಮಾರಬೇಕಾದರೆ ಸುಳ್ಳು ಹೇಳಬೇಕಾಗುತ್ತದೆ ಎಂಬುದು ಅವರ ವಾದ.

ಮೂರು ವರ್ಷದ ಹಿಂದೆ, ಶ್ರಾವಣ ಹಿಡಿಯುವ ಮುಂಚಿನ ಭಾನುವಾರ. ತಿಂಗಳಿಡೀ ಮಾಂಸ ಬಿಡುವವರಿಗೆಲ್ಲ ಅಂದು ಹೊಟ್ಟೆ ತುಂಬ ತಿನ್ನಬೇಕು. ಇನ್ನೊಂದು ಹೋತ ಕಡಿಯಿರಿ ಎಂದು ಬೆಳಿಗ್ಗೆಯೇ ಹೋಗಿ ಗಂಟುಬಿದ್ದೆ.

"ಎರಡ ಅದಾವ ತಮ್ಮಾ. ಮೂರನೇದು ನಾ ಏನ ಹಡೀಲೇನು?"

ನನಗೆ ಸಿಟ್ಟು ಬಂತು. ಹೊರಗೆ ಬಂದರೆ ಗಡಿ ಆಚೆಯ ಟೆಂಪೊ ಒಂದು ಸುಲಿದ ಹೋತಗಳನ್ನು ಹೇರಿಕೊಂಡು ನಿಂತಿತ್ತು. ಮಾಂಸ ಯಾಕೋ ಕಪ್ಪಗಿತ್ತು. "ಐಸಿನಾಗ ಇತ್ರಿ ಅಣ್ಣಾ, ಅದಕ್ಕ" ಎಂದ ಟೆಂಪೊದವನು. ನಾನೂ ದೊಡ್ಡ ಜಾಣ. ಮಾಮಾ ಕಲಿಸಿದಂತೆ ಬಾಲ ನೋಡಿದೆ, ಬೀಜ ಮುಟ್ಟಿದೆ. ಎರಡೂ ಇದ್ದವು. ಇಳಿಸಿಕೊಂಡೆ.

ಮಧ್ಯಾಹ್ನ ಕೊನೆಯ ತೊಡೆ ಕಡಿಯುವಾಗ ಅಡುಗೆಯವಳು ನನ್ನನ್ನು ಒಳಗೆ ಕರೆದು ತೋರಿಸಿದಳು. ಮಾಂಸದೊಳಗೆ ದಾರ. ಸತ್ತ ಹೆಣ್ಣುಕುರಿಗೆ ಯಾವುದೋ ಹೋತದ ಬಾಲವನ್ನೂ ಬೀಜವನ್ನೂ ಹೊಲಿದಿದ್ದರು. ಅಷ್ಟರಲ್ಲಿ ಅರ್ಧ ಮಂದಿ ಉಂಡಾಗಿತ್ತು. ಉಳಿದರ್ಧ ಮಂದಿಗೂ ಅದನ್ನೇ ಬಡಿಸಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜೆಯಿಂದ ಊರೆಲ್ಲ ವಾಂತಿ, ಭೇದಿ. ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಇಂದೋ ನಾಳೆಯೋ ಎನ್ನುವಂತಾದ. ಮರುದಿನ ಬೆಳಿಗ್ಗೆ ಮೂವತ್ತು ನಲವತ್ತು ಜನ ಬಡಿಗೆ, ಸರಳು ಹಿಡಿದು ನನ್ನ ಖಾನಾವಳಿಗೆ ನುಗ್ಗಿದರು. ಬೆಂಚುಗಳನ್ನು ಮುರಿದರು. ಒಬ್ಬ ನನ್ನ ಕಾಲರ್ ಹಿಡಿದು ಗೋಡೆಗೆ ಬಡಿದ.

"ಮಟನ್ ಎಲ್ಲಿಂದ ತಂದಿ, ಬೊಗಳಲೇ."

"ದಿನಾ ಎಲ್ಲಿಂದ ತರತೇನಿ, ಅಲ್ಲಿಂದನ" ಎಂದೆ.

ಕಾಲರ್ ಬಿಟ್ಟ.

ಮಾಮಾನ ಅಂಗಡಿಗೆ ನುಗ್ಗಿದವರ ಹಿಂದೆ ನಾನೂ ಓಡಿದೆ. ತಡೆಯಲು ಓಡಿದೆ ಎಂದು ಹೇಳಿಕೊಳ್ಳಬಹುದು, ಆದರೆ ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಮಾಮಾನನ್ನು ಯಾರೂ ಏನೂ ಕೇಳಲಿಲ್ಲ. ನೇತುಹಾಕಿದ್ದ ಹೋತವನ್ನು ಕೆಡವಿ ತುಳಿದರು. ಮಾಮಾ ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತ, "ಮುಟ್ಟಿ ನೋಡ್ರಿ ಅಪ್ಪಾ, ನೋಡಿ ಬಡೀರಿ" ಎಂದರು. ಸರಳು ಅವರ ಬಾಯಿಗೆ ಬಿತ್ತು. ಆಮೇಲೆ ಇಬ್ಬರು ಅವರ ಬಲಗೈಯನ್ನು ಎಳೆದು ಮಾಂಸ ಕಡಿಯುವ ಕೊರಡಿನ ಮೇಲೆ ಇಟ್ಟರು. ಮೂರನೆಯವನು ಅವರದೇ ಕತ್ತಿ ತಿರುಗಿಸಿ ಹಿಂಬದಿಯಿಂದ ಬಡಿದ. ಎರಡು ಸಲ. ಎಲುಬು ಮುರಿಯುವ ಸದ್ದು ನನಗೆ ಹೊಸದಲ್ಲ, ಅದೇ ಕೊರಡಿನ ಮೇಲೆ ದಿನಾ ಕೇಳಿದ್ದೆ. ರಕ್ತ ಸೋರುವ ಬಾಯಿ ತೆರೆದುಕೊಂಡು ಮಾಮಾ ಗುಂಪಿನೊಳಗೆ ನನ್ನನ್ನು ಕಂಡರು. ನಾನು ಮುಖ ತಿರುಗಿಸಿದೆ.

ಗುಂಪಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಊರೂರು ಸುತ್ತಿತು. ನಿಪ್ಪಾಣಿಯಿಂದ ಅಥಣಿಯವರೆಗೆ ಜನ ಮಟನ್ ಎಂದರೆ ಮೂಗು ಮುರಿದರು. ಮುಗಳಖೋಡದ ಕುರಿಗಾರರು ಸಂತೆಗೆ ಹೊಡೆದುಕೊಂಡು ಬಂದ ಕುರಿಗಳನ್ನು ಹಾಗೆಯೇ ವಾಪಸ್ಸು ಹೊಡೆದುಕೊಂಡು ಹೋದರು. ಎಲ್ಲೋ ಕೂತು ಯಾವನೋ ಹಾಕಿದ ನಾಲ್ಕು ಹೊಲಿಗೆಗೆ ಇಷ್ಟು ಜನರ ಅನ್ನ ಹೋಯಿತು. ಟೆಂಪೊ ಮಾತ್ರ ಮತ್ತೆ ಕಾಣಲಿಲ್ಲ.

ಚಿಕ್ಕೋಡಿಯ ಆಸ್ಪತ್ರೆಗೆ ಹೋದೆ. ಗುಂಪಿಗೆ ನಿಮ್ಮ ಹೆಸರು ಹೇಳಿದವರು ಯಾರು ಎಂದು ಪೊಲೀಸರು ಕೇಳಿದ್ದಕ್ಕೆ ಮಾಮಾ "ಗೊತ್ತಿಲ್ರಿ" ಎಂದಿದ್ದರಂತೆ. ಮಾಮಿ ನೀರು ತರಲು ಹೊರಗೆ ಹೋದಾಗ ನಾನು ಟೆಂಪೊದ ವಿಷಯ ಎಲ್ಲ ಹೇಳಿ ಅತ್ತೆ. ಅವರು ಬೈಯಲಿಲ್ಲ.

"ಮುಟ್ಟಿ ನೋಡಿದಿ?"

"ನೋಡಿದ್ನಿರಿ ಮಾಮಾ."

"ಬುಡದಾಗ ಸರಿಸಿ ನೋಡಿದಿ?"

"ಇಲ್ರಿ."

"ಅದೊಂದು ಕಲಿಸೂದು ಬಿಟ್ಟಿದ್ದೆ ನೋಡು" ಎಂದು ಗೋಡೆ ಕಡೆ ಹೊರಳಿದರು.

ಆಮೇಲೆ ಎಡಗೈಯಲ್ಲಿ ಕಡಿಯಲು ಕಲಿತು ಅಂಗಡಿ ತೆರೆದರು. ನನ್ನನ್ನು ಬಿಟ್ಟರೆ ಗಿರಾಕಿಯೇ ಇಲ್ಲ. ಸತ್ಯ ಹೇಳಿಬಿಡುತ್ತೇನೆ ಎಂದು ಎಷ್ಟೋ ಸಲ ಅವರ ಮುಂದೆ ಅಂದೆ. "ನಿನಗ ಹೇಳೂದಿದ್ರ ನನ್ನ ಯಾಕ ಕೇಳ್ತಿ?" ಎಂದರು ಒಮ್ಮೆ. ಅಷ್ಟಾದರೂ ನಾನು ಹೇಳಲಿಲ್ಲ. ಖಾನಾವಳಿ ನಡೆಯಬೇಕಿತ್ತು ನೋಡಿ.

ಹೋದ ತಿಂಗಳು ಮಾಮಾ ತೀರಿಕೊಂಡರು. ಚಟ್ಟಕ್ಕೆ ಭುಜ ಕೊಟ್ಟಿದ್ದೆ. ಹಿಂದೆ ಯಾರೋ ಮೆಲ್ಲಗೆ, "ಒಮ್ಮೆ ಸತ್ತ ಕುರಿ ಮಾರಿದ್ದ ಖರೆ, ಆದ್ರ ಮನಷ್ಯಾ ಚೊಲೊ ಇದ್ದ" ಎಂದ. ನಾನು ನಿಂತುಬಿಟ್ಟೆ.

"ಮಾರಿದಾಂವ ನಾ. ಗೊತ್ತಿದ್ದೂ ಬಡಿಸಿದಾಂವ ನಾ" ಎಂದೆ, ಎಲ್ಲರಿಗೂ ಕೇಳುವಂತೆ.

ಚಟ್ಟ ಹೊತ್ತವರಲ್ಲಿ ಅಂದು ಮಾಮಾನ ಕೈ ಎಳೆದು ಹಿಡಿದವನೂ ಒಬ್ಬನಿದ್ದ. ಅವನು ನನ್ನ ಮುಖ ನೋಡಿದ. ಬೀಳಲಿ ಏಟು ಎಂದು ನಾನು ಕಣ್ಣು ಮುಚ್ಚಿದೆ.

"ಈಗ ಯಾಕ ಆ ಮಾತು," ಎಂದ ಅವನು, "ಬಿಸಲ ಏರಾಕತ್ತೈತಿ, ನಡಿ."

ಯಾರೂ ಕೈ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.