ಹುರುಳಿ ಹಾಸಿದ ರಸ್ತೆಯಲ್ಲಿ ಸೈಕಲ್ಲು

ಆಗುವುದಿಲ್ಲ ಎಂದವರು ನಮ್ಮ ಸೋದರಮಾವ ಬೋರೇಗೌಡರು. ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಾ, ನನ್ನ ಕಡೆ ನೋಡದೆಯೇ ಹೇಳಿದ್ದರು: "ಎಣ್ಮಗ ಸೈಕಲ್ ತುಳ್ಕಂಡು ಒಳೆನರಸೀಪುರಕ್ಕೋಗಿ ಬಿಎ ಮಾಡ್ತಳಂತೆ. ಆಗೋ ಮಾತಾ ಅದು? ಮೂರ್ ತಿಂಗ್ಳಿಗೆ ಸೈಕಲ್ಲು ಅಟ್ಟ ಸೇರ್ತದೆ, ಇವಳು ಒಲೆ ಮುಂದೆ ಸೇರ್ತಳೆ, ನೋಡ್ಕಳಿ."

ಮಾವನಿಗೆ ಎದುರಾಡುವವರು ಮನೆಯಲ್ಲಿ ಇರಲಿಲ್ಲ. ನಾನೂ ಆಡಲಿಲ್ಲ, ಸುಮ್ಮನೆ ತುಳಿದೆ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನೇ ಎಂದು ಯಾರೂ ಕೇಳದಿದ್ದರೂ ಹೇಳುವ ಚಾಳಿ ನನಗಿದೆ. ನೀವೂ ಕೇಳಿರಲಿಲ್ಲ.

ಈಗ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಮನೆ ಹೊಳೆನರಸೀಪುರದಲ್ಲಿ, ಶಾಲೆ ಅರಕಲಗೂಡು ರಸ್ತೆಯಲ್ಲಿ, ತವರೂರು ದಾಟಿದ ಮೇಲೆ. ಬಿದ್ದು ಕೈ ಮುರಿದುಕೊಳ್ಳುವವರೆಗೂ ಹೋಗುತ್ತಿದ್ದದ್ದು ಸೈಕಲ್ಲಿನಲ್ಲೇ. ಇನ್ನು ಮುಂದೆಯೂ ಹೋಗಬೇಕೋ, ಬಿಟ್ಟುಬಿಡಬೇಕೋ ಎಂಬುದೇ ನಮ್ಮ ಮನೆಯ ಸದ್ಯದ ಪ್ರಶ್ನೆ. ನಮ್ಮ ಯಜಮಾನರು ಬಾಯಿಬಿಟ್ಟು ಹೇಳದೆ, ಸ್ಕೂಟರ್ ಅಂಗಡಿಯ ಬಣ್ಣದ ಕಾಗದವನ್ನು ತಂದು ಟಿವಿ ಪಕ್ಕ ಒರಗಿಸಿದ್ದಾರೆ. ಮಗಳು ಬಾಯಿಬಿಟ್ಟೇ ಹೇಳುತ್ತಾಳೆ: "ಅಮ್ಮ, ಗುಜರಿಯವನು ದಿನಾ ನಿನ್ನ ಸೈಕಲ್ಲನ್ನೇ ನೋಡ್ಕೊಂಡು ಹೋಗ್ತಾನೆ. ನಿನ್ನನ್ನೂ ಸೇರಿಸಿ ತೂಕಕ್ಕೆ ಹಾಕ್ತಾನೆ ನೋಡು." ನಿನ್ನೆಯವರೆಗೂ ನನ್ನ ಕೈಗಿದ್ದ ಪ್ಲಾಸ್ಟರ್ ಕಟ್ಟು ಅವರಿಬ್ಬರ ಪರವಾಗಿಯೇ ವಾದಿಸುತ್ತಿತ್ತು.

ನಿಜ ಹೇಳಲೇ? ನನಗೂ ಸಾಕಾಗಿದೆ. ರಸ್ತೆಯಲ್ಲಿ ಸೈಕಲ್ಲಿನವರಿಗೆ ಇರುವ ಜಾಗವೆಂದರೆ ಡಾಂಬರು ಮುಗಿದು ಮಣ್ಣು ಶುರುವಾಗುವ ಆ ಅಂಚು. ಅದು ಯಾರಿಗೂ ಬೇಡದ ಜಾಗ, ಹಾಗಾಗಿ ನಮಗೆ. ಖಾಸಗಿ ಬಸ್ಸು ಬೆನ್ನಿಗೇ ಬಂದು ಹಾರನ್ ಒತ್ತಿದರೆ ಮೊದಲು ಎದೆ ಇಳಿಯುತ್ತದೆ, ಚಕ್ರ ಆಮೇಲೆ. ಕಬ್ಬಿನ ಟ್ರಾಕ್ಟರು ಪಕ್ಕದಲ್ಲಿ ಹೋದರೆ ಹೊರಚಾಚಿದ ಜಲ್ಲೆಗಳು ತಲೆ ಬಾಚಿಕೊಟ್ಟು ಹೋಗುತ್ತವೆ. ಏರು ಬಂದಲ್ಲಿ ಮಂಡಿ ತನ್ನ ವಯಸ್ಸು ಹೇಳುತ್ತದೆ. ಬಿಎಯಲ್ಲಿ ಓದಿದ ಅರ್ಥಶಾಸ್ತ್ರದ ಪ್ರಕಾರ ಮನುಷ್ಯನೆಂದರೆ ಲಾಭ ನಷ್ಟ ತೂಗಿ ನಡೆಯುವ ಪ್ರಾಣಿ. ಕಷ್ಟಪಟ್ಟು ಓದಿದ್ದು ದಂಡವಾಗಬಾರದೆಂದು ನಾನೂ ತೂಗಿದೆ. ನಷ್ಟದ ತಟ್ಟೆ ನೆಲಕ್ಕೆ ಬಡಿಯಿತು. ಲಾಭದ ತಟ್ಟೆಯಲ್ಲಿ ಇದ್ದದ್ದು ಒಂದೇ: ಸೈಕಲ್ಲಿನ ಮೇಲಿರುವಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮನೆಯಲ್ಲಿ ಇವತ್ತು ಸಾರು ಏನು ಎಂದು ಕೇಳುತ್ತಾರೆ, ಶಾಲೆಯಲ್ಲಿ ಮಾಹಿತಿ ಅಪ್‌ಲೋಡ್ ಆಯ್ತಾ ಎಂದು ಕೇಳುತ್ತಾರೆ. ಅವೆರಡರ ನಡುವೆ ನನ್ನ ಉಸಿರೊಂದೇ. ಸ್ಕೂಟರ್ ಬಂದರೆ ಆ ನಡುವೆ ಎಂಬುದು ಚಿಕ್ಕದಾಗುತ್ತದೆ. ಅಷ್ಟೇ ನನ್ನ ತಕರಾರು. ಇದನ್ನು ಮನೆಯಲ್ಲಿ ಹೇಗೆ ಹೇಳುವುದು?

ಅಂದ ಹಾಗೆ, ನಾನು ಬಿದ್ದದ್ದು ಬಸ್ಸಿನಿಂದಲ್ಲ, ಟ್ರಾಕ್ಟರಿನಿಂದಲೂ ಅಲ್ಲ. ಹುರುಳಿಯಿಂದ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಒಕ್ಕಣೆಯ ಕಣ. ಕಿತ್ತ ಹುರುಳಿ ಗಿಡವನ್ನು ಡಾಂಬರಿನ ಮೇಲೆ ಹಾಸಿ ಮರದ ನೆರಳಲ್ಲಿ ಕೂತರೆ, ಬಸ್ಸು ಲಾರಿಗಳು ಪುಗಸಟ್ಟೆ ತುಳಿದುಕೊಡುತ್ತವೆ. ಹಿಂದೆ ಕಣವೆಂದರೆ ಸಗಣಿಯಲ್ಲಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಚಪ್ಪಲಿ ಆಚೆ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಈಗ ಲಾರಿಗೆ ಚಪ್ಪಲಿ ಬಿಟ್ಟು ಬಾ ಎನ್ನುವವರು ಯಾರು? ಲಾರಿಗೆ ಹುರುಳಿ ತುಳಿದದ್ದು ಗೊತ್ತೇ ಆಗುವುದಿಲ್ಲ. ಸೈಕಲ್ಲಿಗಾದರೆ ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿ, ಚೈನಿಗೆ ಸಿಕ್ಕಿಕೊಂಡು, ಗಕ್ಕನೆ ಹಿಡಿದುಬಿಡುತ್ತದೆ. ಅವತ್ತು ತವರೂರಿನ ಹತ್ತಿರ ಇಳಿದು ತಳ್ಳೋಣವೆಂದರೆ ಹಿಂದೆ ಬಸ್ಸು, ಪಕ್ಕಕ್ಕೆ ಸರಿಯೋಣವೆಂದರೆ ಆ ನಮ್ಮ ಅಂಚಿನ ತುಂಬಾ ಹುರುಳಿ.

ಬಿದ್ದವಳ ಕಡೆಗೆ ಹುಲ್ಲು ತಿರುವುವ ಕವೆಗೋಲು ಹಿಡಿದು ಓಡಿಬಂದವರು ಹುರುಳಿಯ ಯಜಮಾನರು. "ಯಾರವ್ವ ಅದು, ಕಣ್ ಕಾಣಾಕಿಲ್ವಾ?" ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಅಲ್ಲೇ ನಿಂತರು. ಬೋರೇಗೌಡರು. ಕವೆಗೋಲು ಬಿಸಾಡಿ, ಸೈಕಲ್ಲು ಎತ್ತಿ, ನನ್ನ ತಲೆಯಲ್ಲಿದ್ದ ಹುರುಳಿ ಹೊಟ್ಟು ಒದರುತ್ತಾ, "ನಾನ್ ಅವತ್ತೇ ಯೋಳ್ದೆ ಕಣವ್ವ" ಅಂದರು.

"ನೀವು ಮೂರ್ ತಿಂಗ್ಳು ಅಂದಿದ್ರಿ ಮಾವ" ಎಂದೆ, ಬಿದ್ದಲ್ಲಿಂದಲೇ.

ಆಮೇಲೆ ಪ್ರತಿ ಸಲವೂ ಆಸ್ಪತ್ರೆಗೆ ನನ್ನ ಜೊತೆ ಬಂದವರು ಮಾವನೇ. ಬಂದು ಬೆಂಚಿನ ಮೇಲೆ ಕೂರುವರು. ನಿನ್ನೆ ಡಾಕ್ಟರು ಕಟ್ಟು ಬಿಚ್ಚಿ, ಶಾಲೆಗೆ ಕೊಡಲು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದರು. ಬರೆಯುತ್ತಲೇ, "ಮೇಡಂ, ಈ ವಯಸ್ಸಲ್ಲಿ ಸೈಕಲ್ಲು ಸಾಕಲ್ವಾ?" ಎಂದರು. ಮನೆಯವರ ಜೊತೆ ಡಾಕ್ಟರೂ ಸೇರಿದರು, ಇನ್ನು ಮಾವ ಹೇಗೂ ಆ ಕಡೆಯೇ ಎಂದುಕೊಂಡೆ. ಸ್ಕೂಟರಿನ ಬಣ್ಣ ಯಾವುದು ಎಂದೂ ಯೋಚಿಸತೊಡಗಿದ್ದೆ.

ಡಾಕ್ಟರು ಚಾಚಿದ ಸರ್ಟಿಫಿಕೇಟನ್ನು ಮಾವ ತಾವೇ ಎರಡೂ ಕೈಯಲ್ಲಿ ಇಸಿದುಕೊಂಡರು. ಆಚೆ ಬಂದ ಮೇಲೆ ಕೇಳಿದರು:

"ಇದ್ರಾಗೇನ್ ಬರ್ದವ್ರೆ?"

"ಕೆಲ್ಸಕ್ಕೆ ಹೋಗಬಹುದು ಅಂತ."

"ಯಾತ್ರಾಗೆ ಓಗ್ಬೇಕು ಅಂತ ಬರ್ದಿಲ್ವಾ?"

"ಇಲ್ಲ ಮಾವ."

ಮಾವ ಕಾಗದವನ್ನು ನನ್ನ ಕೈಗಿಟ್ಟರು. "ನಾಳಿಕೆ ಒಕ್ಕಾಕೆ ರಾಗಿ ಮೆದೆ ಕೀಳ್ತೀವಿ ಕಣವ್ವ. ರೋಡಿಗೆ ಆಸ್ವಾಗ ಒಂದ್ ಮಾರು ಒಳಕ್ಕೆ ಆಸ್ತೀನಿ. ಅಂಚ್ನಾಗೆ ನಿನ್ ಸೈಕಲ್ಗೆ ದಾರಿ ಬುಟ್ಟಿರ್ತೀನಿ, ಓಗು."